ಹತ್ತು ದಿನಗಳಲ್ಲಿ ಇಂಡೊನೇಷ್ಯಾ ನೋಡಬಹುದೇ?

ಇಂಡೊನೇಷ್ಯಾ 17,000ಕ್ಕೂ ಹೆಚ್ಚು ದ್ವೀಪಗಳ ದೇಶ. ಪೂರ್ವ–ಪಶ್ಚಿಮವಾಗಿ ಸುಮಾರು 5,000 ಕಿ.ಮೀ. ಹರಡಿಕೊಂಡಿದೆ. ಸುಮಾತ್ರಾದ ಕಾಡು, ಕೊಮೊಡೊದ ದೈತ್ಯ ಉಡ, ಪಪುವಾದ ಹವಳದ ದಿಬ್ಬ ಎಲ್ಲವನ್ನೂ ಒಂದೇ ಸಲ ನೋಡಹೊರಟರೆ ಅರ್ಧ ರಜೆ ವಿಮಾನ ನಿಲ್ದಾಣಗಳಲ್ಲೇ ಕಳೆದುಹೋಗುತ್ತದೆ. ಮೊದಲ ಭೇಟಿಗೆ ಅಕ್ಕಪಕ್ಕದ ಜಾವಾ ಮತ್ತು ಬಾಲಿ ಸಾಕು.

ಜಾವಾದ ಯೋಗ್ಯಕರ್ತಾದಲ್ಲಿ ಮೂರು ದಿನ ತಂಗಬಹುದು. ಸಮೀಪದ ಬೊರೊಬುದುರ್ ಬೌದ್ಧ ಸ್ಮಾರಕದ ಮೇಲಂತಸ್ತುಗಳಲ್ಲಿ 72 ಜಾಲಂಧ್ರದ ಸ್ತೂಪಗಳಿದ್ದು, ಒಳಗೆ ಕುಳಿತ ಬುದ್ಧನ ಮೂರ್ತಿಗಳು ಕಿಂಡಿಗಳಿಂದ ಕಾಣುತ್ತವೆ. ಪ್ರಂಬನನ್‌ನ ಶಿವಾಲಯದ ಕಟಾಂಜನದ ಒಳಮೈಯಲ್ಲಿ ರಾಮಾಯಣದ ಉಬ್ಬುಶಿಲ್ಪಗಳಿವೆ. ಅಲ್ಲಿಂದ ರೈಲಿನಲ್ಲಿ ಪೂರ್ವಕ್ಕೆ ಸಾಗಿ, ಬ್ರೊಮೊ ಜ್ವಾಲಾಮುಖಿಗೆ ಎರಡು ದಿನ ಮೀಸಲಿಡಬೇಕು. ಸೂರ್ಯೋದಯ ನೋಡಲು ನಸುಕಿಗೆ ಮುಂಚೆಯೇ ಜೀಪು ಹೊರಡುತ್ತದೆ, ಸ್ವೆಟರ್ ಬೇಕೇಬೇಕು. ಜಾವಾದ ಪೂರ್ವ ತುದಿಯ ಕೆತಪಾಂಗ್ ಬಂದರಿನಿಂದ ಹಡಗು ಸುಮಾರು ಒಂದು ಗಂಟೆಯಲ್ಲಿ ಬಾಲಿ ಮುಟ್ಟಿಸುತ್ತದೆ. ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಉಳಿದ ದಿನಗಳು ಉಬುದ್‌ನ ಗದ್ದೆಗಳಿಗೆ, ಕಡಲತೀರಕ್ಕೆ.

ಮೇ–ಸೆಪ್ಟೆಂಬರ್ ಒಣಹವೆಯ ಕಾಲ. ಸಾಮಾನ್ಯವಾಗಿ ಮಾರ್ಚಿನಲ್ಲಿ ಬರುವ, ಶಕ ಪಂಚಾಂಗದ ಹೊಸವರ್ಷವಾದ ‘ನ್ಯೆಪಿ’ಯಂದು ಬಾಲಿಯ ವಿಮಾನ ನಿಲ್ದಾಣವೂ 24 ಗಂಟೆ ಮುಚ್ಚಿರುತ್ತದೆ. ಮಾರ್ಚಿನಲ್ಲಿ ಹೋಗುವವರು ಆ ದಿನಾಂಕ ನೋಡಿಕೊಂಡೇ ಟಿಕೆಟ್ ಕಾಯ್ದಿರಿಸುವುದು ಒಳ್ಳೆಯದು.