ಪಾದದ ಜೋಮು ಮತ್ತು ನರದ ವೇಗ

ನಡೆಯುವಾಗ ಚಪ್ಪಲಿ ಕಳಚಿಹೋದದ್ದೇ ತಿಳಿಯಲಿಲ್ಲ ಎಂದು ರೋಗಿ ಹೇಳಿದರೆ ನರರೋಗ ತಜ್ಞರು ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಎರಡೂ ಪಾದಗಳಲ್ಲಿ ಜೋಮು, ರಾತ್ರಿ ಹೊತ್ತು ಅಂಗಾಲು ಉರಿ, ಇರುವೆ ಹರಿದಂತಾಗುವುದು ಪೆರಿಫೆರಲ್ ನ್ಯೂರೋಪತಿಯ ಗುರುತುಗಳು. ಮೆದುಳು, ಬೆನ್ನುಹುರಿಗಳ ಆಚೆಗಿನ ನರಗಳು ಹಾಳಾಗುವ ತೊಂದರೆ ಅದು. ಕಾರಣಗಳಲ್ಲಿ ಶುಗರ್ ಕಾಯಿಲೆಯೇ ಮುಂದು. ಬಿ12 ಕೊರತೆ, ಕುಡಿತ, ಕುಷ್ಠ, ಕೆಲವು ಕ್ಯಾನ್ಸರ್ ಔಷಧಗಳೂ ಇವೆ. ಹಾನಿ ಎಲ್ಲಿದೆ, ಎಂಥದು ಎಂದು ತಿಳಿಯಲು ವೈದ್ಯರು ಬರೆದುಕೊಡುವುದು ನರ್ವ್ ಕಂಡಕ್ಷನ್ ಸ್ಟಡಿ, ಅಂದರೆ ಎನ್‌ಸಿಎಸ್ ಪರೀಕ್ಷೆ. ಎನ್‌ಸಿವಿ ಎಂದು ಕರೆಯುವವರೇ ಹೆಚ್ಚು.

ಮಲಗಿಸಿ, ಪಾದದ ಮೇಲ್ಭಾಗದ ಸಣ್ಣ ಸ್ನಾಯುವಿನ ಮೇಲೆ ಎಲೆಕ್ಟ್ರೋಡ್ ಅಂಟಿಸುತ್ತಾರೆ. ಪಾದದ ಗಂಟಿನ ಬಳಿ ನರಕ್ಕೆ ಕ್ಷಣಮಾತ್ರದ ಕರೆಂಟ್ ಕೊಟ್ಟಾಗ ಸ್ನಾಯು ಚಕ್ಕನೆ ಅದುರಿ, ಪರದೆಯ ಮೇಲೆ ಒಂದು ಅಲೆ ಏಳುತ್ತದೆ. ಆಮೇಲೆ ಮಂಡಿಯ ಬಳಿಯಿಂದ ಮತ್ತೊಮ್ಮೆ. ಎರಡು ಜಾಗಗಳ ನಡುವೆ 36 ಸೆಂ.ಮೀ. ಅಂತರವಿದ್ದು, ಎರಡನೆಯ ಅಲೆ 8 ಮಿಲಿಸೆಕೆಂಡ್ ತಡವಾಗಿ ಬಂದರೆ ನರದ ವೇಗ ಸೆಕೆಂಡಿಗೆ 45 ಮೀಟರ್. ಆರೋಗ್ಯವಂತ ವಯಸ್ಕರ ಕಾಲಿನಲ್ಲಿ ಇದು ಸುಮಾರು 40ಕ್ಕಿಂತ, ಕೈಯಲ್ಲಿ 50ಕ್ಕಿಂತ ಹೆಚ್ಚಿರುತ್ತದೆ. 1850ರಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದ ವೇಗ ಕಂಡುಹಿಡಿದದ್ದೂ ಎರಡು ಜಾಗ, ಎರಡು ಸಮಯದ ಇದೇ ಲೆಕ್ಕದಿಂದ.

ಆದರೆ ವೇಗವೊಂದನ್ನೇ ನೋಡಿದರೆ ಸಾಲದು. ನರವೆಂದರೆ ಹೊದಿಕೆಯಿರುವ ತಂತಿಗಳ ಕಟ್ಟು. ಒಳಗಿನ ತಂತುಗಳು ಸತ್ತಿದ್ದರೆ ಅಲೆಯ ಎತ್ತರ ಕುಗ್ಗುತ್ತದೆ, ಉಳಿದ ತಂತುಗಳು ಹೆಚ್ಚುಕಡಿಮೆ ಮೊದಲಿನ ವೇಗದಲ್ಲೇ ಸಾಗಿಸುತ್ತವೆ. ಮಯಲಿನ್ ಹೊದಿಕೆ ಕೆಟ್ಟಿದ್ದರೆ ವೇಗವೇ ಬಹಳ ಬೀಳುತ್ತದೆ, ಕೆಲವೊಮ್ಮೆ ಸಂದೇಶ ನಡುದಾರಿಯಲ್ಲೇ ನಿಲ್ಲುತ್ತದೆ. ಪರೀಕ್ಷೆಯ ನಿಜವಾದ ಬೆಲೆ ಇರುವುದು ಈ ವ್ಯತ್ಯಾಸದಲ್ಲಿ ಎಂದು ನನ್ನ ನಂಬಿಕೆ. ಗಿಲಾನ್-ಬಾರೆ, ಸಿಐಡಿಪಿಯಂಥ ಹೊದಿಕೆಯ ಕಾಯಿಲೆಗಳಿಗೆ ಇಮ್ಯುನೊಗ್ಲಾಬ್ಯುಲಿನ್‌ನಂಥ ಚಿಕಿತ್ಸೆ ಇದೆ. ಗುರುತಿಸುವುದು ತಡವಾದಷ್ಟೂ ನಷ್ಟ.

ಸ್ಪರ್ಶದ ನರಗಳ ಅಲೆ ಇನ್ನೂ ಚಿಕ್ಕದು, ಮೈಕ್ರೋವೋಲ್ಟ್‌ಗಳಲ್ಲಿ ಅಳೆಯುವಂಥದು. ಉದ್ದದ ನರಗಳು ಮೊದಲು ಸೊರಗುವುದರಿಂದ, ಪಾದದ ಹೊರಬದಿಗೆ ಹೋಗುವ ಸೂರಲ್ ನರವನ್ನು ತಪ್ಪದೆ ನೋಡುತ್ತಾರೆ. ಬೆನ್ನುಮೂಳೆಯ ಬಳಿ ನರದ ಬುಡ ಒತ್ತಿಕೊಂಡು ಕಾಲು ಜೋಮು ಹಿಡಿದಿದ್ದರೆ ಈ ಅಲೆ ಸಾಮಾನ್ಯವಾಗಿ ಹಾಗೇ ಉಳಿದಿರುತ್ತದೆ. ಏಕೆಂದರೆ ಸ್ಪರ್ಶದ ನರಕೋಶಗಳು ಒತ್ತಿದ ಜಾಗದಿಂದ ಹೊರಗಿವೆ. ಸೂಜಿ ಚುಚ್ಚಿ ಮಾಡುವ ಇಎಂಜಿ ಬೇರೆ ಪರೀಕ್ಷೆ, ಅಗತ್ಯವಿದ್ದರೆ ಅದೇ ದಿನ ಮಾಡುತ್ತಾರೆ.

ಎಸಿ ಕೋಣೆಯಲ್ಲಿ ತಣ್ಣಗಾದ ಕಾಲು ಸುಳ್ಳು ಹೇಳಬಹುದು. ಚರ್ಮದ ಉಷ್ಣತೆ ಒಂದು ಡಿಗ್ರಿ ಇಳಿದರೆ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಇಳಿಯುತ್ತದೆ. ಪಾದ ತಣ್ಣಗಿದೆ ಅನ್ನಿಸಿದರೆ ಬೆಚ್ಚಗೆ ಮಾಡಿಕೊಡಿ ಎಂದು ಕೇಳಲು ಸಂಕೋಚ ಬೇಡ. ಪರೀಕ್ಷೆಯ ದಿನ ಎಣ್ಣೆ, ಕ್ರೀಮ್ ಹಚ್ಚಬೇಡಿ. ಪೇಸ್‌ಮೇಕರ್ ಇದ್ದರೆ, ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ.

ಹಲವು ವರ್ಷಗಳಿಂದ ಶುಗರ್ ಇದ್ದು, ಎರಡೂ ಪಾದ ಒಂದೇ ರೀತಿ ನಿಧಾನವಾಗಿ ಜೋಮು ಹಿಡಿಯುತ್ತಿದ್ದರೆ ಟ್ಯೂನಿಂಗ್ ಫೋರ್ಕ್, ಮಾನೊಫಿಲಮೆಂಟ್‌ಗಳಿಂದ ಪಾದ ಪರೀಕ್ಷಿಸಿದರೇ ಬಹುಪಾಲು ಸಾಕು. ಜೋಮು ಒಂದೇ ಬದಿಗಿದ್ದರೆ, ಬೇಗ ಬೇಗ ಮೇಲೇರುತ್ತಿದ್ದರೆ, ಜೋಮಿಗಿಂತ ಬಲಹೀನತೆಯೇ ಮುಂದಾಗಿದ್ದರೆ ಎನ್‌ಸಿಎಸ್ ಬೇಕೇಬೇಕು.

ವರದಿಯಲ್ಲಿ ನಾರ್ಮಲ್ ಎಂದು ಬಂದರೂ ಅಂಗಾಲಿನ ಉರಿ ಸುಳ್ಳಾಗುವುದಿಲ್ಲ. ಈ ಯಂತ್ರ ಅಳೆಯುವುದು ದಪ್ಪ ತಂತುಗಳನ್ನು ಮಾತ್ರ. ನೋವು, ಬಿಸಿ, ತಂಪು ತಿಳಿಸುವ ಸಣ್ಣ ತಂತುಗಳು ಅದಕ್ಕೆ ಸಿಗುವುದಿಲ್ಲ. ಆಗ ಚರ್ಮದ ಚೂರು ತೆಗೆದು ಮಾಡುವ ಬಯಾಪ್ಸಿಯ ಬಗ್ಗೆ ವೈದ್ಯರನ್ನು ಕೇಳಬಹುದು. ಶುಗರ್, ಬಿ12 ನೋಡಿಸುವುದನ್ನಂತೂ ಆ ವರದಿಯ ಕಾರಣಕ್ಕೆ ಬಿಡಬಾರದು.