ಹಾಕದೇ ಬಂದ ರುಚಿ!

ಲೋಟದಲ್ಲಿ ಹೊಂಬಣ್ಣದ ಸ್ಕಾಚ್ ವಿಸ್ಕಿ. ಹೆಸರು ಲಾಗವೂಲಿನ್. ವಯಸ್ಸು 16. ಹುಟ್ಟೂರು ಸ್ಕಾಟ್ಲೆಂಡಿನ ಐಲಾ ದ್ವೀಪ. ತಡೆಯಿರಿ, ಕುಡಿಯಬೇಡಿ! ಮೊದಲ ಸರದಿ ಮೂಗಿನದು!

ಬಾಯಿ ಚೂರು ತೆರೆದು ಮೆಲ್ಲಗೆ ಮೂಸಿ. ಏನು ಬಂತು? ಹೊಗೆ! ಕಡಲಿನ ಉಪ್ಪುಗಾಳಿ! ಇನ್ನೊಮ್ಮೆ ಮೂಸಿ. ಒಣದ್ರಾಕ್ಷಿ! ಅದರ ಬೆನ್ನಿಗೇ ವೆನಿಲಾ!

ಈಗ ಹೇಳಿ, ಇದಕ್ಕೆ ವೆನಿಲಾ ಎಷ್ಟು ಹಾಕಿರಬಹುದು?

ಸೊನ್ನೆ! ಇಂಥ ಸಿಂಗಲ್ ಮಾಲ್ಟ್ ಹುಟ್ಟುವುದು ಮೊಳಕೆ ಬಂದ ಬಾರ್ಲಿ, ನೀರು, ಯೀಸ್ಟ್‌ನಿಂದ. ಅಷ್ಟೇ! ಭಟ್ಟಿಯಿಂದ ಇಳಿಯುವಾಗ ಅದಕ್ಕೆ ಬಣ್ಣವೂ ಇಲ್ಲ. ನೀರಿನಷ್ಟು ತಿಳಿ!

ಮತ್ತೆ ವೆನಿಲಾ? ಮರದ್ದು! ಓಕ್ ಪೀಪಾಯಿಯ ಒಳಮೈಯನ್ನು ಬೆಂಕಿಗೆ ಒಡ್ಡುತ್ತಾರೆ. ಮರದ ಲಿಗ್ನಿನ್ ಒಡೆದು ವೆನಿಲಿನ್ ಆಗುತ್ತದೆ. ಹೌದು, ವೆನಿಲಾ ಕೋಡಿನಲ್ಲಿರುವ ಅದೇ ವಸ್ತು! ಕೆಲವು ಮಾಲ್ಟ್‌ಗಳಲ್ಲಿ ಕೊಬ್ಬರಿಯ ಕಂಪೂ ಉಂಟು. ಅದೂ ಓಕ್‌ನ ಕೊಡುಗೆಯೇ!

ಹೊಗೆ ಮಾತ್ರ ಕಾಳಿನದು. ಪೀಟ್ ಎಂಬ ಜೌಗುಮಣ್ಣು ಉರಿಸಿ ಮೊಳಕೆಕಾಳು ಒಣಗಿಸಿದಾಗ ಅಂಟಿದ್ದು. 16 ವರ್ಷ ಕಳೆದರೂ ಬಿಟ್ಟಿಲ್ಲ!

ಬಣ್ಣ ಗಾಢವಾದಷ್ಟೂ ವಯಸ್ಸು ಹೆಚ್ಚು ಅಂದುಕೊಂಡಿರಾ? ಮೋಸಹೋದಿರಿ! ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಬೆರೆಸಲು ಕಾನೂನಿನ ಒಪ್ಪಿಗೆಯಿದೆ. ಕಣ್ಣನ್ನು ನಂಬಬೇಡಿ!

ಈಗ ಒಂದು ಗುಟುಕು. ನುಂಗುವ ಅವಸರ ಬೇಡ, ನಾಲಗೆಯ ಮೇಲೆ ಹೊರಳಾಡಲಿ. ಸಿಹಿ! ಉಪ್ಪು! ಮತ್ತೆ ಹೊಗೆ! ನುಂಗಿದ ಮೇಲೂ ರುಚಿ ಹೊರಡಲೊಲ್ಲದು. ಬಲ್ಲವರು ತೂಗಿ ನೋಡುವುದು ಅದನ್ನೂ!

ಇನ್ನು ಮಾಯೆ ನೋಡಿ. ಎರಡು ಹನಿ ನೀರು ಬಿಡಿ. ಘಮ ತೆಳುವಾಗಬೇಕು ತಾನೇ? ಇಲ್ಲ, ಉಕ್ಕುತ್ತದೆ! 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಅಣುಗಳ ಆಟ ಕಟ್ಟಿ ಕಾರಣ ಹುಡುಕಿದರು. ಹೊಗೆಗಂಪಿನ ಗ್ವಾಯಕಾಲ್ ಅಣುಗಳು ಗಟ್ಟಿ ಮದ್ಯಸಾರದಲ್ಲಿ ಒಳಗೇ ಅಡಗುತ್ತವೆ. ನೀರು ಬಿತ್ತೋ, ಮೇಲ್ಮೈಗೆ ಏರುತ್ತವೆ. ನೇರ ನಿಮ್ಮ ಮೂಗಿಗೆ!

ಇಷ್ಟು ಕಾದದ್ದಕ್ಕೆ ಸುಂಕವೂ ಇದೆ. ಸ್ಕಾಟ್ಲೆಂಡಿನ ಪೀಪಾಯಿಗಳಿಂದ ವರ್ಷಕ್ಕೆ ಸುಮಾರು ಶೇ. 2 ಆವಿಯಾಗಿ ಹೋಗುತ್ತದೆ. ದೇವತೆಗಳ ಪಾಲು ಎಂದು ಬಿಟ್ಟುಕೊಡುತ್ತಾರೆ. ನಮ್ಮ ಬೆಂಗಳೂರಿನ ಅಮೃತ್ ಭಟ್ಟಿಯ ಪೀಪಾಯಿಗಳಿಂದ ಎಷ್ಟು? ಊಹಿಸಿ! ಶೇ. 10ರಿಂದ 12! ನಮ್ಮ ದೇವತೆಗಳಿಗೆ ಬಾಯಾರಿಕೆ ಜಾಸ್ತಿ!

ಹಾಗಾದರೆ ಸ್ಕಾಟ್ಲೆಂಡಿನಲ್ಲಿ ಎಷ್ಟು ವರ್ಷ ಕಾಯಬಹುದು? 30? 50?

1940ರ ಫೆಬ್ರವರಿ 3. ಮಹಾಯುದ್ಧದ ನಡುವೆ ಗ್ಲೆನ್‌ಲಿವೆಟ್ ಭಟ್ಟಿಯ ಮದ್ಯವೊಂದು ಪೀಪಾಯಿ ಸೇರಿತು. ಗಾರ್ಡನ್ ಅಂಡ್ ಮ್ಯಾಕ್‌ಫೇಲ್ ಕಂಪನಿ ಅದನ್ನು ಹೊರತೆಗೆದದ್ದು 2020ರಲ್ಲಿ. 80 ವರ್ಷ! ಸಿಕ್ಕಿದ್ದು 250 ಬುಡ್ಡಿ ಮಾತ್ರ!

ಅಷ್ಟು ವರ್ಷ ಆವಿಯಾದ ಮೇಲೆ ಕಸುವು ಉಳಿದೀತೇ? ನಿಮ್ಮ ಲೋಟದ ಲಾಗವೂಲಿನ್, ನೀರು ಬೆರೆಸಿ ಹದಮಾಡಿದ್ದು, ಶೇ. 43 ಮದ್ಯಸಾರ. ಆ 80ರ ಮುದುಕ? ಶೇ. 44.9!