ಗೋಡೆ ದಾಟುವ ಎಲೆಕ್ಟ್ರಾನ್

ಗುಬ್ಬಿ, ಕುಣಿಗಲ್ ತಾಲ್ಲೂಕು ಕಚೇರಿಗಳಲ್ಲಿ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂದದ್ದು 2000ದ ಆಸುಪಾಸಿನಲ್ಲಿ, ‘ಭೂಮಿ’ ಯೋಜನೆಯಿಂದ. ಅಂಥ ದಾಖಲೆಗಳಿಗೆಲ್ಲ ಮನೆ ಹಾರ್ಡ್ ಡಿಸ್ಕ್. ತುಮಕೂರಿನ ಎಂ.ಜಿ. ರಸ್ತೆಯ ಯಾವುದಾದರೂ ರಿಪೇರಿ ಅಂಗಡಿಯಲ್ಲಿ ಕೆಟ್ಟ ಡಿಸ್ಕೊಂದನ್ನು ಬಿಚ್ಚಿಸಿ ನೋಡಿ. ಥಳಥಳಿಸುವ ತಟ್ಟೆ, ಅದರ ಮೇಲೆ ಚಾಚಿದ ತೋಳು, ತೋಳಿನ ತುದಿಗೆ ಸಾಸಿವೆಗಿಂತ ಚಿಕ್ಕ ಚೂರು. ಓದುವ ಕೆಲಸ ಅದರದ್ದು. ಈಚಿನ ಡಿಸ್ಕಾದರೆ ಅದರೊಳಗೆ ಲೋಹ, ಕರೆಂಟ್ ಬಿಡದ ತೆಳುಪದರ, ಮತ್ತೆ ಲೋಹ ಇರುತ್ತವೆ.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಐವಾರ್ ಗೈಯಾವರ್ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. 1960ರಲ್ಲಿ ಅವರು ಇಂಥದೇ ಜೋಡಣೆ ಮಾಡಲು ಗಾಜಿನ ಮೇಲೆ ಅಲ್ಯೂಮಿನಿಯಂ ಪಟ್ಟಿ ಕೂರಿಸಿ, ಗಾಳಿಗೊಡ್ಡಿ ಆಕ್ಸೈಡ್ ಕಟ್ಟಿಸಿ, ಅಡ್ಡಲಾಗಿ ಸೀಸದ ಪಟ್ಟಿ ಹಾಕಿದರು. ಆಕ್ಸೈಡ್ ಕೆಲವೇ ನ್ಯಾನೋಮೀಟರ್ ದಪ್ಪವಿದ್ದರೆ ಎಲೆಕ್ಟ್ರಾನ್ ದಾಟಿಬಿಡುತ್ತದೆ: ಅದು ಅಲೆಯೂ ಹೌದಾದ್ದರಿಂದ, ಅದರ ಬಾಲ ಆಕ್ಸೈಡ್ ಗೋಡೆಯಾಚೆಗೂ ಚಾಚಿಕೊಂಡಿರುತ್ತದೆ. ಈ ಕೆಲಸಕ್ಕೆ 1973ರಲ್ಲಿ ನೊಬೆಲ್ ಬಂತು.

1976ರಲ್ಲಿ ಫೋರ್ಡ್ ಕಾರ್ ಕಂಪನಿಯ (ಹೌದು, ಕಾರ್ ಕಂಪನಿಯೇ) ಲ್ಯಾಂಬ್ ಮತ್ತು ಮೆಕಾರ್ಥಿ ಇಂಥದೇ ಜೋಡಣೆಗೆ ವೋಲ್ಟೇಜ್ ಕೊಟ್ಟಾಗ ಬೆಳಕು ಬಂತು. ದಾಟುವ ಎಲೆಕ್ಟ್ರಾನು ಕಳೆದುಕೊಂಡ ಶಕ್ತಿ ಲೋಹದ ಮೈಮೇಲಿನ ಎಲೆಕ್ಟ್ರಾನುಗಳನ್ನೆಲ್ಲ ಒಟ್ಟಿಗೆ ತೂಗಿಸುತ್ತದೆ. ಅದೇ ಸರ್ಫೇಸ್ ಪ್ಲಾಸ್ಮಾನ್. ನುಣುಪಾದ ಲೋಹದಲ್ಲಿ ಅದು ಅಲ್ಲೇ ಸಿಕ್ಕಿಬೀಳುತ್ತದೆ. ಮೈ ಒರಟಾಗಿದ್ದರೆ ಬೆಳಕಾಗಿ ಹೊರಬರುತ್ತದೆ. ವೋಲ್ಟೇಜ್ ಏರಿಸಿದಂತೆ ಬಣ್ಣ ಕೆಂಪಿನಿಂದ ನೀಲಿಯತ್ತ ಸರಿಯುತ್ತದೆ. ಆದರೆ ತೀರಾ ಮಂಕು, ದೀಪವಾಗುವಷ್ಟಲ್ಲ.

ಡಿಸ್ಕಿಗೆ ಬೇಕಾದದ್ದು ಒರಟಿನ ತದ್ವಿರುದ್ಧ, ಅಂದರೆ ನುಣುಪು. ಎರಡೂ ಕಡೆ ಅಯಸ್ಕಾಂತ ಲೋಹವಿದ್ದರೆ, ಅವುಗಳ ದಿಕ್ಕು ಒಂದೇ ಆದಾಗ ಎಲೆಕ್ಟ್ರಾನ್ ಸಲೀಸಾಗಿ ದಾಟುತ್ತದೆ, ವಿರುದ್ಧವಾದರೆ ತಡೆ ಹೆಚ್ಚುತ್ತದೆ; ತಟ್ಟೆಯ ಮೇಲಿನ ಅಯಸ್ಕಾಂತೀಯ ಬರಹವನ್ನು ಓದುವುದು ಈ ಏರಿಳಿತದಿಂದಲೇ. ಫ್ರಾನ್ಸಿನ ಜೂಲಿಯೇ 1975ರಲ್ಲೇ ತಡೆಯ ಈ ಬದಲಾವಣೆಯನ್ನು ಕಂಡಿದ್ದರು, ಆದರೆ ಸೊನ್ನೆಗಿಂತ 269 ಡಿಗ್ರಿ ಕೆಳಗಿನ ಚಳಿಯಲ್ಲಿ. ಕೋಣೆಯ ಉಷ್ಣತೆಯಲ್ಲಿ ಅದು ಕೈಗೆ ಸಿಗಲು 20 ವರ್ಷ ಹಿಡಿಯಿತು. ನನಗನಿಸುವಂತೆ ಕೊರತೆ ಇದ್ದದ್ದು ಸಿದ್ಧಾಂತದಲ್ಲಲ್ಲ, ಕೈಕೆಲಸದಲ್ಲಿ. ಗೋಡೆಯಲ್ಲಿ ಒಂದು ತೂತಿದ್ದರೂ ಕರೆಂಟೆಲ್ಲ ಅಲ್ಲೇ ನುಗ್ಗಿ ಆಟ ಮುಗಿಯುತ್ತದೆ.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ ಎಂಐಟಿ ಸೇರಿದ್ದ ಜಗದೀಶ್ ಮೂಡೇರ ಅವರ ತಂಡ ಆ ಗೋಡೆಯನ್ನು ಚೊಕ್ಕಟವಾಗಿ ಕಟ್ಟಿತು. 1995ರಲ್ಲಿ ಅವರಿಗೆ ಕೋಣೆಯ ಉಷ್ಣತೆಯಲ್ಲೇ ತಡೆ ಶೇಕಡಾ 11.8ರಷ್ಟು ಬದಲಾಗುವುದು ಕಂಡಿತು. ಅದೇ ಹೊತ್ತಿಗೆ ಜಪಾನಿನ ಮಿಯಾಜಾಕಿಯವರೂ ಅಲ್ಲಿಗೆ ತಲುಪಿದ್ದರು. ಭೌತವಿಜ್ಞಾನದ 2009ರ ಬಕ್ಲಿ ಪ್ರಶಸ್ತಿ ಅವರಿಬ್ಬರ ಜೊತೆಗೆ ಮೂಡೇರರ ಹಿರಿಯ ಸಹೋದ್ಯೋಗಿಗಳಾದ ಮೆಸರ್ವಿ, ಟೆಡ್ರೊ ಅವರಿಗೂ ಬಂತು. ಅಷ್ಟರಲ್ಲಿ ಡಿಸ್ಕ್ ತಯಾರಕರು ಈ ಜೋಡಣೆಯನ್ನು ಓದುವ ತುದಿಗೆ ಕೂರಿಸಿಯಾಗಿತ್ತು. ಇದೇ ಜೋಡಣೆಯ, ಕರೆಂಟ್ ಹೋದರೂ ಮರೆಯದ ಮೆಮೊರಿ ಚಿಪ್ಪೂ 2006ರಲ್ಲೇ ಮಾರುಕಟ್ಟೆಗೆ ಬಂದಿತ್ತು.